ಹೊಳೆ ಮುಟ್ಟಾದ ಮೂರು ದಿನ

ಹೊಳೆಯನ್ನು ಹಾಡಿ ಹೊಗಳುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಸೇತುವೆ ಮೇಲೆ ಬಸ್ಸು ಹೋಗುವಾಗ ಕಿಟಕಿಯಿಂದ ಚಿಲ್ಲರೆ ಒಗೆದು ಕೈ ಮುಗಿಯುವವರು, ಕಟ್ಟೆಗೆ ಆತು ನಿಂತು ಫೋಟೊ ತೆಗೆಸಿಕೊಳ್ಳುವವರು, ಎಷ್ಟು ಚೆಂದ ಐತಿ ನೋಡ್ರಿ ಎನ್ನುವವರು. ಚೆಂದ ಇದೆ, ಇಲ್ಲ ಅಂದವರು ಯಾರು? ಒಂದು ಮಳೆಗಾಲ ಅದರ ನಡುವೆ ಕೂತು ಬನ್ನಿ, ಆಮೇಲೆ ಮಾತಾಡೋಣ ಎಂದು ನಾಲಿಗೆ ತುದಿಗೆ ಬಂದಿರುತ್ತದೆ. ನುಂಗಿಕೊಂಡು ಸುಮ್ಮನಾಗುತ್ತೇನೆ. ಬಸ್ಸಿನಲ್ಲಿ ಯಾರ ಕೂಡ ಜಗಳ ತೆಗೆಯಲಿ?

ನಾನು ಹುಟ್ಟಿದ್ದು ಸಿಂಧನೂರು ತಾಲೂಕಿನಲ್ಲಿ, ಸಾಲಗುಂದದ ಕಡೆ. ಅಲ್ಲಿ ನೀರು ಎಂದರೆ ಕಾಲುವೆ ನೀರು. ಅದೂ ತುಂಗಭದ್ರೆಯದೇ, ಆದರೆ ಹೇಳಿದ ಮಾತು ಕೇಳುವ ನೀರು. ತೂಬು ಎತ್ತಿದರೆ ಗದ್ದೆಗೆ ಬರುತ್ತದೆ, ಇಳಿಸಿದರೆ ನಿಲ್ಲುತ್ತದೆ. ತೂಬಿನ ಸಲುವಾಗಿ ಗಂಡಸರು ಸಲಿಕೆ ಎತ್ತಿ ಬೈದಾಡಿಕೊಳ್ಳುತ್ತಿದ್ದರು, ಅದು ಬೇರೆ ಮಾತು. ನಾವು ಹುಡುಗಿಯರು ಕಾಲುವೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆದು, ಮೊಣಕಾಲ ಮಟ ಇಳಿದು, ಒಬ್ಬರಿಗೊಬ್ಬರು ನೀರು ಎರಚಿಕೊಂಡು ಬೆಳೆದವರು. ನೀರಿಗೆ ಹೆದರಬೇಕಾಗುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಮದುವೆಯಾಗಿ ಬಂದದ್ದು ಲಿಂಗಸುಗೂರು ತಾಲೂಕಿನ ಒಂದು ಗಡ್ಡೆಗೆ. ಕೃಷ್ಣಾ ನದಿ ಎರಡಾಗಿ ಸೀಳಿ ಮುಂದೆ ಹೋಗಿ ಮತ್ತೆ ಕೂಡುತ್ತದೆ. ನಡುವೆ ಉಳಿದ ನೆಲವೇ ಗಡ್ಡೆ. ಎಂಬತ್ತರ ದಶಕದ ನಡುವಿನ ಮಾತು ಇದು. ಬೆರಳೆಣಿಕೆಯ ಮನೆಗಳು, ನಾಲ್ಕು ಬೇವಿನ ಮರ, ಸುತ್ತಲೂ ಹೊಳೆ. ಗಂಡು ನೋಡಲು ಹೋಗಿ ಬಂದ ಅಪ್ಪ ಮನೆಗೆ ಬಂದು, "ಹೊಲ ಚಲೋ ಐತಿ, ಮನಿತನ ಚಲೋ ಐತಿ, ಹುಡುಗ ಹಟ್ಟಿ ಗಣಿಯಾಗ ದುಡೀತಾನ" ಎಂದನೇ ಹೊರತು ಮನೆಗೆ ಹೋಗಲು ಹರಿಗೋಲು ಹತ್ತಬೇಕು ಎಂಬ ಮಾತನ್ನು ಎತ್ತಲೇ ಇಲ್ಲ. ಅವನು ನೋಡಿದ್ದು ಬೇಸಿಗೆಯಲ್ಲಿ. ಆಗ ಹೊಳೆಯಲ್ಲಿ ಪಂಚೆ ಎತ್ತಿ ನಡೆದುಕೊಂಡೇ ದಾಟಿದ್ದ.

ಹೊಸ ಸೊಸೆಯಾಗಿ ನಾನು ಮೊದಲ ಸಲ ಹರಿಗೋಲು ಹತ್ತಿದ್ದು ನೆನಪಿದೆ. ಬಿದಿರಿನ ದೊಡ್ಡ ಬುಟ್ಟಿ, ಅದರ ಹೊರಮೈಗೆ ಗೊಬ್ಬರದ ಚೀಲ ಹೊಲಿದು ಡಾಂಬರು ಬಳಿದದ್ದು. ಅದು ನೆಟ್ಟಗೆ ಹೋಗುವುದಿಲ್ಲ, ತಿರುಗುತ್ತಾ ಹೋಗುತ್ತದೆ. ಒಂದು ಸಲ ತವರಿನ ದಂಡೆ ಕಾಣುತ್ತದೆ, ಒಂದು ಸಲ ಗಂಡನ ಮನೆಯ ದಂಡೆ. ನನಗೆ ತಲೆ ಸುತ್ತಿ ಹೊಸ ಸೀರೆಯ ಮೇಲೆಯೇ ವಾಂತಿ ಆಯಿತು. ಹುಟ್ಟು ಹಾಕುತ್ತಿದ್ದ ಅಂಬಿಗರ ಕಾಕಾ ನಕ್ಕು, "ಗಂಗಮ್ಮಗ ಮೊದ್ಲ ಸಲಾನ ನೈವೇದ್ಯ ಕೊಟ್ಟಿ ನೋಡವ್ವಾ" ಎಂದ. ನಾಚಿಕೆಯಿಂದ ಸತ್ತೆ ಎನ್ನಿಸಿತ್ತು.

ಈ ಕಾಕಾ ನಮ್ಮ ಗಡ್ಡೆಗೆ ಇದ್ದ ಒಬ್ಬನೇ ಅಂಬಿಗ. ಅವನಿಗೆ ದಾಟಿಸಿದ ಲೆಕ್ಕಕ್ಕೆ ಯಾರೂ ಹಣ ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಮನೆಯ ಕಣದಿಂದ ಅವನ ಪಾಲಿನ ಸಜ್ಜೆ, ತೊಗರಿ ಹೋಗುತ್ತಿತ್ತು. ಅದನ್ನು ತಿಂದ ಮೇಲೆ ಯಾರು ಯಾವ ಹೊತ್ತಿಗೆ ದಂಡೆಯಲ್ಲಿ ನಿಂತು ಕೂಗಿದರೂ ಅವನು ಏಳಬೇಕು. ಏಳುತ್ತಿದ್ದ. ಮುದಗಲ್ಲಿನ ಸಂತೆಗೆ ಹೋಗುವ ಕಲ್ಲಂಗಡಿ, ಲಿಂಗಸುಗೂರಿನ ದವಾಖಾನೆಗೆ ಹೋಗುವ ರೋಗಿ, ಮಾಸ್ತರು, ಮೇಕೆ, ಬೀಗರು, ಎಲ್ಲರೂ ಅವನ ಬುಟ್ಟಿಯಲ್ಲೇ. ಒಮ್ಮೆ ಎರಡು ಹರಿಗೋಲು ಜೋಡಿಸಿ ಕಟ್ಟಿ ನೀರೆತ್ತುವ ಡೀಸೆಲ್ ಇಂಜಿನನ್ನೇ ದಾಟಿಸಿದ. ಊರಿಗೆ ಊರೇ ದಂಡೆಯಲ್ಲಿ ನಿಂತು ಉಸಿರು ಬಿಗಿಹಿಡಿದಿತ್ತು.

ಹೊಳೆ ಅನ್ನ ಕೊಡುತ್ತಿತ್ತು, ಸುಳ್ಳು ಹೇಳಬಾರದು. ನೀರು ಇಳಿದ ಮೇಲೆ ಮಳಲಲ್ಲಿ ಗುಂಡಿ ತೋಡಿ ಗೊಬ್ಬರ ಹಾಕಿ ಊರಿದ ಸೌತೆ, ಕಲ್ಲಂಗಡಿ ಬಿಟ್ಟ ಹಾಗೆ ಬೇರೆಲ್ಲೂ ಬಿಡುತ್ತಿರಲಿಲ್ಲ. ಮೀನು ಇತ್ತು. ದನಗಳಿಗೆ ಹಸಿ ಮೇವು ಇತ್ತು. ಆದರೆ ಕರೆಂಟು ಮಾತ್ರ ಇರಲಿಲ್ಲ. ಮೇಲೆ ಅಣೆಕಟ್ಟು ಕಟ್ಟಿ ಕೆಲವು ವರ್ಷ ಆಗಿತ್ತಷ್ಟೇ. ನಮ್ಮ ಹೊಳೆಯ ನೀರಿನಿಂದ ಕರೆಂಟು ಹುಟ್ಟುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಸಂಜೆಯಾದರೆ ದಂಡೆಯ ಊರುಗಳಲ್ಲಿ ದೀಪ ಮಿನುಗುವುದು ಕಾಣುತ್ತಿತ್ತು. ನಮ್ಮ ಮನೆಯವರು ಹಟ್ಟಿಯಿಂದ ಬಂದಾಗ, "ಅಲ್ಲಿ ನೆಲದ ಕೆಳಗ ಲೈಟ್ ಅದಾವ, ಇಲ್ಲಿ ನೆಲದ ಮ್ಯಾಲ ಚಿಮಣಿ" ಎಂದು ನಗುತ್ತಿದ್ದರು. ಅವರು ಚಿನ್ನದ ಗಣಿಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು. ಹೊಸಬರಾದ್ದರಿಂದ ಅವರಿಗೆ ಮನೆ ಸಿಕ್ಕಿರಲಿಲ್ಲ. ನಾಲ್ವರು ಒಂದು ಕೋಣೆಯಲ್ಲಿರುತ್ತಿದ್ದರು. ರಜೆ ಬಂದಾಗ ಮನೆಗೆ. ಉಳಿದಂತೆ ಮನೆಯಲ್ಲಿ ನಾನು, ನನ್ನ ಅತ್ತೆ, ಇಬ್ಬರೇ. ಮಾವ ನಾನು ಬರುವ ಮೊದಲೇ ತೀರಿಹೋಗಿದ್ದರು.

ಅತ್ತೆ ಆ ಗಡ್ಡೆಯಲ್ಲೇ ಹುಟ್ಟಿ ಅಲ್ಲೇ ಮದುವೆಯಾದವಳು. ಲಿಂಗಸುಗೂರು ಬಿಟ್ಟರೆ ಮುಂದಿನ ಊರು ನೋಡಿದವಳಲ್ಲ. ಹೊಳೆಯನ್ನು "ಆಕಿ" ಎಂದೇ ಕರೆಯುತ್ತಿದ್ದಳು. ಆಕಿ ಇವತ್ತು ಸಿಟ್ಟಾಗ್ಯಾಳ, ಆಕಿ ಸಣ್ಣಾಗ್ಯಾಳ, ಆಕಿ ಮೈ ನೆರದಾಳ. ಮೊದಮೊದಲು ಇದು ಯಾವ ನೆಗೆಣ್ಣಿಯ ಸುದ್ದಿ ಎಂದು ನಾನು ಗೊಂದಲಪಡುತ್ತಿದ್ದೆ. ಕೆಟ್ಟವಳಲ್ಲ ನನ್ನ ಅತ್ತೆ. ಬಾಯಿ ಜೋರು, ಕೈ ಧಾರಾಳ. ನನಗೆ ಬಸಿರು ನಿಂತಾಗ ತನ್ನ ಪಾಲಿನ ಹಾಲನ್ನೂ ನನಗೇ ಸುರಿದವಳು. ಆದರೆ ಹಿಡಿದ ಮಾತು ಬಿಡುವ ಹೆಂಗಸಲ್ಲ.

ಏಳು ತಿಂಗಳು ತುಂಬಿದಾಗ ನಮ್ಮ ಮನೆಯವರು ನನ್ನನ್ನು ಲಿಂಗಸುಗೂರಿಗೆ ತೋರಿಸಲು ಕರೆದೊಯ್ದರು. ದವಾಖಾನೆಯ ಡಾಕ್ಟರಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿ, ಹೊಟ್ಟೆ ಮುಟ್ಟಿ ನೋಡಿ, "ಮೈಯಲ್ಲಿ ರಕ್ತ ಇಲ್ಲ, ಕೂಸು ಬಹಳ ಸಣ್ಣದಿದೆ. ಮನೆಯಲ್ಲಿ ಹೆರಿಗೆ ಮಾಡಿಸಬೇಡಿ. ಹುಟ್ಟಿದ ಕೂಡಲೇ ಕೂಸಿಗೆ ಆರೈಕೆ ಬೇಕಾಗುತ್ತದೆ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ನಮ್ಮ ಮನೆಯವರು ಹೊರಗೆ ಬಂದು ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಡಿಸಿದರು. ಇಬ್ಬರೂ ಅರ್ಧಕ್ಕೇ ಬಿಟ್ಟೆವು. ಅಲ್ಲೇ ನಿಶ್ಚಯವಾಯಿತು: ಹೊಳೆ ತುಂಬುವ ಮೊದಲು ಸೀಮಂತದ ಕುಬಸ ಮಾಡಿ ನನ್ನನ್ನು ತವರಿಗೆ ಕಳಿಸುವುದು. ಸಿಂಧನೂರಿನಲ್ಲಿ ದೊಡ್ಡ ದವಾಖಾನೆ ಇತ್ತು, ನಮ್ಮೂರಿನಿಂದ ಕಾಲುವೆ ದಂಡೆ ಹಿಡಿದು ಬಂಡಿಯಲ್ಲೂ ಹೋಗಬಹುದಿತ್ತು.

ಆದರೆ ಕುಬಸಕ್ಕೆ ತವರಿನವರು ಬಂದು ಹಸಿರು ಸೀರೆ ಉಡಿಸಿ, ಉಡಿ ತುಂಬಿ ಕರೆದುಕೊಂಡು ಹೋಗಬೇಕು. ಸೊಸೆ ತಾನೇ ಗಂಟು ಕಟ್ಟಿಕೊಂಡು ಹೊರಡುವಂತಿಲ್ಲ. ಅವ್ವನಿಗೆ ಬಿತ್ತನೆಯ ಹೊತ್ತು. ನಾಟಿ ಮುಗಿಸಿ ಬರುತ್ತೇನೆ ಎಂದು ಹೇಳಿ ಕಳಿಸಿದಳು. ನಮ್ಮ ಮನೆಯವರು ರಜೆ ಹಾಕಿ, ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಅವ್ವನನ್ನು ಕೂಡಿಕೊಂಡು, ಲಿಂಗಸುಗೂರಿನ ಬಸ್ಸು ಹಿಡಿದು ಕರೆತರುವುದೆಂದು ಮಾತಾಯಿತು. ನಾನು ದಿನಾ ದಂಡೆಗೆ ಹೋಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ. ಹೊಳೆ ಸಣ್ಣಗಿತ್ತು. ಹಸಿರು ನೀರು, ಕೆಳಗಿನ ಕಲ್ಲು ಕಾಣುವಂಥದ್ದು.

ಅವ್ವ ಬರಲು ಇನ್ನು ಕೆಲವು ದಿನ ಇರುವಾಗ ಒಂದು ಬೆಳಿಗ್ಗೆ ನೀರಿಗೆ ಹೋದ ಅತ್ತೆ ಖಾಲಿ ಕೊಡ ಹೊತ್ತುಕೊಂಡು ತಿರುಗಿ ಬಂದಳು.

"ಹೊಳಿ ಮುಟ್ಟಾಗ್ಯಾಳ" ಎಂದಳು.

ಓಡಿ ಹೋಗಿ ನೋಡಿದೆ. ನೀರು ಕೆಂಪಾಗಿತ್ತು. ಮೇಲೆಲ್ಲೋ ಮಳೆಯಾಗಿ ಹೊಸ ನೀರು ಬಂದಿತ್ತು. ಹೆಚ್ಚೇನಿಲ್ಲ, ದಂಡೆಯ ಮೇಲೆ ಒಂದು ಗೇಣು ಏರಿದ್ದಿರಬಹುದು. ಆದರೆ ಗಡ್ಡೆಯ ಕಟ್ಟಳೆಯಲ್ಲಿ ಮೊದಲ ಕೆಂಪು ನೀರು ಎಂದರೆ ಹೊಳೆ ಮುಟ್ಟಾದಂತೆ. ಮೂರು ದಿನ ಯಾರೂ ಅದನ್ನು ಮುಟ್ಟಬಾರದು. ಕುಡಿಯಲು ಒರತೆ ತೋಡಿಕೊಳ್ಳಬೇಕು. ಬಟ್ಟೆ ಒಗೆಯುವಂತಿಲ್ಲ, ದನ ಇಳಿಸುವಂತಿಲ್ಲ, ಹರಿಗೋಲು ಬಿಡುವಂತಿಲ್ಲ. ಮೂರನೆಯ ದಿನ ಮುತ್ತೈದೆಯರು ಹೋಗಿ ಹೊಳೆಗೆ ಉಡಿ ತುಂಬಿ ಬಂದ ಮೇಲೆಯೇ ಎಲ್ಲ ಶುರು.

ಹಿಂದೆ ಈ ಕಟ್ಟಳೆಗೆ ಅರ್ಥ ಇತ್ತು ಎಂದು ಈಗ ತಣ್ಣಗೆ ಕೂತು ಯೋಚಿಸಿದರೆ ಅನ್ನಿಸುತ್ತದೆ. ಮೊದಲ ನೀರಿನಲ್ಲಿ ಮರದ ದಿಮ್ಮಿ, ಹಾವು, ಮುಳ್ಳಿನ ಕಂಟಿ, ಸತ್ತ ದನ ಎಲ್ಲ ತೇಲಿ ಬರುತ್ತವೆ. ಮೂರು ದಿನ ದೂರ ನಿಂತರೆ ಜೀವ ಉಳಿಯುತ್ತದೆ. ಆಮೇಲೆ ನೀರು ತುಸು ಇಳಿದು, ತಿಳಿಯಾಗಿ, ದಾಟಲು ಬಿಡುವು ಸಿಗುತ್ತಿತ್ತಂತೆ. ದೊಡ್ಡ ನೀರು ಬರುವುದು ಅದಾದ ಎಷ್ಟೋ ದಿನಕ್ಕೆ. ಅತ್ತೆ ಹುಟ್ಟಿದಾಗಿನಿಂದ ಹಾಗೇ ನಡೆದಿತ್ತು. ಆದರೆ ಅದು ಹೊಳೆ ತಾನಾಗಿ ಹರಿಯುತ್ತಿದ್ದ ಕಾಲದ ಲೆಕ್ಕ. ಈಗ ನೀರು ಮೇಲೆ ಕಟ್ಟಿನಲ್ಲಿ ನಿಲ್ಲುತ್ತದೆ, ಅಲ್ಲಿ ತುಂಬಿದಾಗ ಬಾಗಿಲು ಎತ್ತುತ್ತಾರೆ. ಬರುವುದೂ ಹೋಗುವುದೂ ಆಕೆಯ ಕೈಯಲ್ಲಿ ಉಳಿದಿರಲಿಲ್ಲ. ಅತ್ತೆಗೆ ಅದು ಹೇಗೆ ತಿಳಿಯಬೇಕು?

ಅಂದು ಮಾತ್ರ ನಾನು ತಣ್ಣಗೆ ಯೋಚಿಸಲಿಲ್ಲ. ಕಾಕಾನ ಗುಡಿಸಲಿಗೆ ಹೋಗಿ, "ಕಾಕಾ, ಈಗಿಂದೀಗ ನನ್ನ ದಾಟಿಸು. ಆ ದಂಡಿ ಊರಾಗ ಯಾರ ಮನ್ಯಾಗರ ಕುಂತಿರ್ತೀನಿ. ಅವ್ವ ಬಂದು ಕರಕೊಂಡು ಹೋಗ್ತಾಳ" ಎಂದೆ.

ಅವನು ಹೊಳೆಯ ಕಡೆ ನೋಡಿ, "ಇವತ್ತ ಹೋದ್ರ ಹೋಗಬೌದು ತಂಗಿ. ನೀರು ಅಂಥಾದ್ದೇನಿಲ್ಲ. ನಿಮ್ಮತ್ತಿ ಹೂಂ ಅಂದ್ರ ನನ್ನದೇನು?" ಎಂದ.

ಅತ್ತೆ ಹೂಂ ಅನ್ನಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹರಿಗೋಲಿನ ಮುಂದೆಯೇ ನಿಂತುಬಿಟ್ಟಳು.

"ತುಂಬಿದ ಬಸರಿ ಮುಟ್ಟಾದ ಹೊಳಿ ದಾಟ್ತಾಳಂತ! ಕೂಸಿಗೆ ಏನರ ಆದ್ರ ಯಾರು ಹೊಣಿ? ಮೂರು ದಿನ ಐತಿ, ಮೂರ ದಿನ. ಉಡಿ ತುಂಬಿ ಕಳಸ್ತೀನಿ. ನಿಮ್ಮವ್ವನೂ ಅಷ್ಟರಾಗ ಬಂದಿರ್ತಾಳ."

"ಅತ್ತಿ, ನಾವು ಮುಟ್ಟಾದ್ರ ನಮ್ಮನ್ನ ಹೊರಗ ಕುಂಡ್ರಸ್ತೀರಿ. ಹೊಳಿ ಮುಟ್ಟಾದ್ರ ನಮ್ಮನ್ನ ಒಳಗ ಹಾಕಿ ಕದ ಹಾಕ್ತೀರಿ. ಇದ್ಯಾವ ನ್ಯಾಯ?" ಎಂದೆ.

ಕಾಕಾ ಫಕ್ಕನೆ ನಕ್ಕ. ಅತ್ತೆಯೂ ನಗು ತಡೆದುಕೊಂಡಳು, ನಾನು ಕಂಡೆ. ಆದರೆ ಜಾಗ ಬಿಟ್ಟು ಕದಲಲಿಲ್ಲ. "ಬಾಯಿ ಮಾಡಬ್ಯಾಡ. ನಡಿ ಮನಿಗೆ, ರೊಟ್ಟಿ ಆರಾಕತ್ತಾವ" ಎಂದು ಕೈ ಹಿಡಿದು ಕರೆದುಕೊಂಡು ಬಂದಳು. ನಾನು ರೊಟ್ಟಿ ಮುಟ್ಟದೆ ಗೋಡೆ ಕಡೆ ಮುಖ ಮಾಡಿ ಮಲಗಿದೆ. ಎಂಥ ಸಿಟ್ಟು ಬಂದಿತ್ತು! ಎದುರಿಗೇ ದಂಡೆ ಇದೆ, ಅಲ್ಲಿ ಎಮ್ಮೆ ಮೇಯುವುದು ಕಾಣುತ್ತದೆ, ಟ್ರ್ಯಾಕ್ಟರಿನ ಸದ್ದು ಕೇಳುತ್ತದೆ, ಹೋಗಲು ಮಾತ್ರ ಆಗುವುದಿಲ್ಲ. ಜೈಲಿನಲ್ಲಾದರೂ ಕಳ್ಳತನ ಮಾಡಿದವರನ್ನು ಹಾಕುತ್ತಾರೆ.

ಮೂರನೆಯ ದಿನ ಬಿಸಿಲು ಹೊಳೆಯುತ್ತಿತ್ತು. ಆಕಾಶದಲ್ಲಿ ಒಂದು ಮೋಡ ಇಲ್ಲ. ಗಡ್ಡೆಯ ಹೆಂಗಸರೆಲ್ಲ ತಲೆ ಮಿಂದು, ಮೊರದಲ್ಲಿ ಹಸಿರು ಖಣ, ಬಳೆ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಇಟ್ಟುಕೊಂಡು ಹೊಳೆಗೆ ಹೋದೆವು. ನನ್ನ ಗಂಟು ಕಟ್ಟಿ ಹರಿಗೋಲಿನ ಹತ್ತಿರವೇ ಇಟ್ಟಾಗಿತ್ತು. ಉಡಿ ತುಂಬಿದ ಕೂಡಲೇ ಹೊರಡುವುದು. ಅತ್ತೆ ನೀರಿನ ಅಂಚಿನ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಹಾಡು ಶುರು ಮಾಡಿದಳು. ಹಾಡಿನ ನಡುವೆ ಆ ಕಲ್ಲು ಕಾಣದಾಯಿತು.

ನಾವು ಒಂದು ಹೆಜ್ಜೆ ಹಿಂದೆ ಸರಿದೆವು. ನೀರೂ ಹಿಂದೆಯೇ ಬಂತು. ಮತ್ತೆ ಸರಿದೆವು. ಹಾಡು ನಿಂತಿತು. ಮೇಲಿನ ಕಡೆಯಿಂದ ಒಂದು ಸದ್ದು, ಸಂತೆಯ ಗದ್ದಲ ದೂರದಿಂದ ಕೇಳಿದ ಹಾಗೆ. "ಕಟ್ಟಿನ ಬಾಗಲಾ ಎತ್ಯಾರ! ಮ್ಯಾಲ ಹೋಗ್ರಿ, ಮ್ಯಾಲ ಹೋಗ್ರಿ!" ಎಂದು ಕಾಕಾ ಬೊಬ್ಬೆ ಹೊಡೆಯುತ್ತಾ ಹರಿಗೋಲನ್ನು ಎಳೆದುಕೊಂಡು ದಿನ್ನೆಯ ಮೇಲೆ ಹಾಕಿದ. ದಂಡೆಯ ಊರುಗಳಲ್ಲಿ ಜೀಪಿನಲ್ಲಿ ಸಾರಿ ಹೋಗಿದ್ದರೆಂದು ಆಮೇಲೆ ಗೊತ್ತಾಯಿತು. ನೀರಿನ ನಡುವೆ ಕೂತ ನಮಗೆ ಜೀಪು ಎಲ್ಲಿಂದ ಬರಬೇಕು? ನನ್ನ ಗಂಟು ತೇಲಿ ಹೋಯಿತು. ನನಗೆ ಗಂಟಿನ ಚಿಂತೆ ಇರಲಿಲ್ಲ. ಎದುರಿನ ದಂಡೆ ನೋಡುನೋಡುತ್ತ ದೂರ ಸರಿಯುತ್ತಿತ್ತು.

ಅತ್ತೆ ಖಣ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. "ಹಿಂಗ್ಯಾಕ ಮಾಡಿದ್ಲು? ಮೂರು ದಿನ ಬರೋಬ್ಬರಿ ನಡಕೊಂಡೀವಲ್ಲ" ಎಂದು ಯಾರನ್ನೋ ಕೇಳುವವಳಂತೆ ಕೇಳುತ್ತಿದ್ದಳು. ನನಗೆ ಬೈಯಬೇಕೆನ್ನಿಸಿತು. ಅವಳ ಮುಖ ನೋಡಿ ರಟ್ಟೆ ಹಿಡಿದು ದಿನ್ನೆ ಹತ್ತಿಸಿದೆ.

ಅವ್ವ ಮತ್ತು ನಮ್ಮ ಮನೆಯವರು ಎರಡು ದಿನ ಬಿಟ್ಟು ಆ ದಂಡೆಗೆ ಬಂದರು. ಅಷ್ಟು ದೂರದಿಂದ ಮುಖ ಕಾಣುವುದಿಲ್ಲ. ಅವ್ವ ತಲೆ ಮೇಲೆ ಬುಟ್ಟಿ ಹೊತ್ತು ನಿಲ್ಲುವ ರೀತಿಯಲ್ಲೇ ಗುರುತು ಹಿಡಿದೆ. "ಎವ್ವಾ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಅವಳೂ ಕೂಗುತ್ತಿದ್ದಿರಬೇಕು, ಕೈ ಬಾಯಿ ಹತ್ತಿರ ಹೋಗುತ್ತಿತ್ತು. ಹೊಳೆಯ ಸದ್ದು ಎಲ್ಲವನ್ನೂ ತಿಂದುಹಾಕಿತು. ಕೊನೆಗೆ ಅವ್ವ ಬುಟ್ಟಿಯಿಂದ ಹಸಿರು ಸೀರೆ ತೆಗೆದು, ಎರಡೂ ಕೈಯಲ್ಲಿ ಬಿಡಿಸಿ ಎತ್ತಿ ಹಿಡಿದಳು. ಇದು ನಿನ್ನದು, ತಂದೀನಿ ನೋಡು ಎನ್ನುವ ಹಾಗೆ. ನಾನು ಅಲ್ಲೇ ಕುಸಿದು ಕೂತು ಗೊಳೋ ಎಂದು ಅಳತೊಡಗಿದೆ.

ಅತ್ತೆ ಮನೆಗೆ ಹೋಗಿ ತನ್ನ ಪೆಟ್ಟಿಗೆಯ ತಳದಿಂದ ಹಳೆಯ ಹಸಿರು ಸೀರೆ ತಂದಳು. ಮಡಿಕೆಯಲ್ಲಿ ನೂಲು ಹರಿದಿತ್ತು. ದಿನ್ನೆಯ ಮೇಲೆ, ಅವ್ವನಿಗೆ ಕಾಣುವ ಕಡೆ, ಕಂಬಳಿ ಹಾಸಿ ನನ್ನನ್ನು ಕೂರಿಸಿ ಅದನ್ನು ಹೊದಿಸಿದಳು. ನೆರೆಮನೆಯ ಹೆಂಗಸರು ಬಂದು ಉಡಿ ತುಂಬಿದರು. ನಾವು ಆರತಿ ಎತ್ತಿದಾಗ ಆ ದಂಡೆಯಲ್ಲಿ ಅವ್ವನೂ ಕೈ ಎತ್ತಿ ಬೆಳಗುತ್ತಿದ್ದಳು. ಹೀಗೆ ನನ್ನ ಕುಬಸ ಆಯಿತು. ನಡುವೆ ಇಡೀ ಕೃಷ್ಣೆ.

ಅವ್ವ ಹೋಗಲಿಲ್ಲ. ದಂಡೆಯ ಊರಿನಲ್ಲಿ ಒಬ್ಬ ಮುಸಲ್ಮಾನ ಮುದುಕಿ ತನ್ನ ಪಡಸಾಲೆಯಲ್ಲಿ ಜಾಗ ಕೊಟ್ಟಿದ್ದಳಂತೆ. ನಮ್ಮ ಮನೆಯವರು ಪಾಳಿ ಮುಗಿಸಿ ಹಟ್ಟಿಯಿಂದ ಬಂದು ಹೋಗಿ ಮಾಡುತ್ತಿದ್ದರು. ದಿನಾ ಬೆಳಿಗ್ಗೆ ಅವ್ವ ದಂಡೆಗೆ ಬಂದು ಸೆರಗು ಬೀಸುವುದು, ನಾನು ಬೀಸುವುದು. ನಾನು ನಿಂತಿದ್ದೇನೆ ಎಂದರೆ ಹೆರಿಗೆ ಆಗಿಲ್ಲ ಎಂದು ಅವಳಿಗೆ ಅರ್ಥ. ನೀರು ಇವತ್ತು ಇಳಿದೀತು, ನಾಳೆ ಇಳಿದೀತು ಎಂದು ದಂಡೆಗೆ ಕಡ್ಡಿ ಚುಚ್ಚಿ ನೋಡುವುದೇ ನನ್ನ ಕೆಲಸ. ಕಡ್ಡಿ ಮುಳುಗುತ್ತಿತ್ತು. ಉಪ್ಪು ಮುಗಿಯಿತು. ಚಿಮಣಿ ಎಣ್ಣೆ ಮುಗಿಯಿತು. ಕಾಕಾ ಒಂದು ದಿನ ಯಾರಿಗೂ ಹೇಳದೆ ಖಾಲಿ ಹರಿಗೋಲು ಇಳಿಸಿ ನೋಡಿದ. ಸುಳಿ ಅವನನ್ನು ಬುಗುರಿ ತಿರುಗಿಸಿದ ಹಾಗೆ ತಿರುಗಿಸಿ ಗಡ್ಡೆಯ ಬಾಲದ ಕಂಟಿಗೆ ಒಗೆಯಿತು. ಮೈಯೆಲ್ಲ ತರಚಿಕೊಂಡು ಬಂದು, "ಆಗಂಗಿಲ್ಲವ್ವ. ಸಾಯೋದಾದ್ರ ನಾ ಒಬ್ಬನ ಸಾಯ್ತೀನಿ, ನಿನ್ನ ಕೂಡ್ರಿಸಿಕೊಂಡು ಅಲ್ಲ" ಎಂದ.

ದಿನ ತುಂಬುವ ಮೊದಲೇ, ಒಂದು ಬೆಳಿಗ್ಗೆ ದಂಡೆಯಿಂದ ವಾಪಸಾಗುವಾಗ ಬೇನೆ ಬಂತು. ಅತ್ತೆಯೇ ಹೆರಿಗೆ ಮಾಡಿಸಿದಳು. ಬಹಳ ಕಷ್ಟವಾಗಲಿಲ್ಲ, ಕೂಸು ಅಷ್ಟು ಸಣ್ಣದಿತ್ತು. ಹೆಣ್ಣು. ಅತ್ತೆಯ ಎರಡು ಅಂಗೈಯಲ್ಲಿ ಪೂರ್ತಿ ಹಿಡಿಸಿತು. ಅತ್ತಿತು, ಬೆಕ್ಕಿನ ಮರಿಯಷ್ಟು ದನಿಯಲ್ಲಿ. ನಮ್ಮ ಕಡೆ ಕೂಸು ಹುಟ್ಟಿದಾಗ ಕಂಚಿನ ಗಂಗಾಳ ಬಾರಿಸುತ್ತಾರೆ. ಅತ್ತೆ ಬಾಗಿಲಲ್ಲಿ ನಿಂತು ಬಾರಿಸಿದವಳು ಅಲ್ಲಿಗೇ ಬಿಡಲಿಲ್ಲ. "ಬೀಗತಿಗೆ ತಿಳೀಬೇಕಲ್ಲ" ಎಂದು ಗಂಗಾಳ ಹಿಡಿದುಕೊಂಡು ದಿನ್ನೆಗೆ ಓಡಿದಳು. ಗಡ್ಡೆಯ ಜನವೆಲ್ಲ ಮನೆಮನೆಯ ಗಂಗಾಳ ತಂದು ಬಾರಿಸಿತು. ಸದ್ದು ದಾಟಿತೋ, ಇಷ್ಟು ಜನ ತೋಳು ಬೀಸುವುದು ಕಂಡಿತೋ, ಅವ್ವನಿಗೆ ತಿಳಿಯಿತು. "ನಿಮ್ಮವ್ವ ಕುಣ್ಯಾಕತ್ತಾಳ ಬೇ! ಖರೇನ ಕುಣ್ಯಾಕತ್ತಾಳ! ನನ್ನ ಮಗ ಟಾವೆಲ್ ಮ್ಯಾಲಕ್ಕ ಒಗಿಯಾಕತ್ತಾನ!" ಎಂದು ಅತ್ತೆ ಬಂದು ಹೇಳಿದಳು. ಮಲಗಿದ್ದಲ್ಲೇ ನಾನು ನಕ್ಕೆ. ಆ ಒಂದು ದಿನ ನಾನು ಹೊಳೆಯನ್ನೂ ಮರೆತೆ, ಡಾಕ್ಟರಮ್ಮನ ಮಾತನ್ನೂ ಮರೆತೆ.

ಮರುದಿನ ಆ ದಂಡೆಯಲ್ಲಿ ಯಾರೂ ಇರಲಿಲ್ಲ. ಕೂಸು ಹುಟ್ಟಿತು, ಇನ್ನು ಚಿಂತೆಯಿಲ್ಲ ಎಂದು ಅವ್ವ ಊರಿಗೆ ಹೋಗಿದ್ದಳು. ನಮ್ಮ ಮನೆಯವರು ಪಾಳಿಗೆ.

ಕೂಸು ಮೊಲೆ ಹಿಡಿಯಲಿಲ್ಲ. ಹತ್ತಿಯನ್ನು ಹಾಲಿನಲ್ಲಿ ಅದ್ದಿ ತುಟಿಗೆ ಹಿಂಡಿದೆವು, ಅರ್ಧ ಹೊರಗೇ ಹರಿಯುತ್ತಿತ್ತು. ಅದರ ಕೈಕಾಲು ತಣ್ಣಗೆ. ಅತ್ತೆ ಸೆಗಣಿ ಕುಳ್ಳಿನ ಕೆಂಡ ಮಾಡಿ ಮಂಚದ ಕೆಳಗಿಟ್ಟಳು, ಹಳೆಯ ಸೀರೆ ಕಾಯಿಸಿ ಸುತ್ತಿದಳು, ತನ್ನ ಎದೆಗೆ ಅಪ್ಪಿಕೊಂಡು ಕೂತಳು. ನಾವಿಬ್ಬರೂ ಸರದಿಯ ಮೇಲೆ ಅದನ್ನು ಮೈಗೆ ಹಚ್ಚಿಕೊಂಡೇ ಇದ್ದೆವು. ಲಿಂಗಸುಗೂರು ಎಷ್ಟು ದೂರ? ಹೊಳೆ ದಾಟಿದರೆ ಬಸ್ಸು. ಡಾಕ್ಟರಮ್ಮ ಹೇಳಿದ ಆರೈಕೆ ಅಲ್ಲಿತ್ತು. ಸಂಜೆ ದೀಪ ಹತ್ತಿದಾಗ ನಾನು ಬಾಗಿಲಲ್ಲಿ ನಿಂತು ಅತ್ತ ನೋಡುತ್ತಿದ್ದೆ. ಆ ಬೆಳಕು ಕಂಡು ನನಗೆ ಬಂದಷ್ಟು ಸಿಟ್ಟು ಜೀವಮಾನದಲ್ಲಿ ಮತ್ತೆ ಬಂದಿಲ್ಲ. ನಮ್ಮನ್ನು ಮುಳುಗಿಸುವ ನೀರಿನಿಂದಲೇ ಅವರಿಗೆ ಬೆಳಕು. ಯಾರ ಮೇಲೆ ಸಿಟ್ಟು ಮಾಡಬೇಕು? ಅವರಿಗೂ ಗೊತ್ತಿಲ್ಲ, ನಾನು ಇಲ್ಲಿ ನಿಂತಿದ್ದೇನೆಂದು.

ಕೆಲವು ದಿನ ಕೂಸು ಹೀಗೆಯೇ ಉಸಿರು ಹಿಡಿದುಕೊಂಡಿತ್ತು. ಒಂದು ಮುಂಜಾನೆ ಅತ್ತೆಯ ಎದೆಯ ಮೇಲೆಯೇ ಸುಮ್ಮನಾಯಿತು. ಅವಳು ಬಹಳ ಹೊತ್ತು ಹಾಗೇ ಬೆನ್ನು ತಟ್ಟುತ್ತಾ ಕೂತಿದ್ದಳು. ನನಗೆ ಅವಳ ಕಣ್ಣೀರು ಕಂಡಿತು.

ಕಾಕಾ ಬೇವಿನ ಮರದ ಕೆಳಗೆ ಕುಣಿ ತೋಡಿದ. ಅತ್ತೆ ಮನೆಗೆ ಬರದೆ ನೆಟ್ಟಗೆ ಹೊಳೆಗೆ ಹೋದಳು. ನಾನು ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ಅವಳು ಮಣ್ಣಿನ ಹೆಂಟೆ ಎತ್ತಿ ಎತ್ತಿ ಹೊಳೆಗೆ ಒಗೆದಳು. "ರಂಡೆ! ನಿನಗೆ ಉಡಿ ತುಂಬಿದೆ, ನಿನ್ನ ಮಡಿ ನಡಸಿದೆ, ನನ್ನ ಮೊಮ್ಮಗಳ್ನ ತಿಂದೆಲ್ಲಬೇ!" ಎಂದು ಬೈದಳು. ಜೀವಮಾನದಲ್ಲಿ ಹೊಳೆಗೆ ಕಾಲು ತಾಗಿಸುವ ಮೊದಲು ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ ಹೆಂಗಸು ಅವಳು. ಅಲ್ಲಿಯವರೆಗೆ ಅವಳ ಮೇಲಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಹೋಗಿ ಅವಳನ್ನು ಹಿಡಿದುಕೊಂಡು ಬಂದೆ.

ಮುಂದೆ ನಮಗೆ ಹಟ್ಟಿಯಲ್ಲಿ ಮನೆ ಸಿಕ್ಕಿತು, ಎರಡು ಮಕ್ಕಳಾದವು, ಅತ್ತೆಯೂ ನಮ್ಮ ಜೊತೆಯೇ ಬಂದು ಸ್ವಿಚ್ಚು ಒತ್ತಿ ಲೈಟು ಹಾಕುವುದು ಕಲಿತಳು. ತೊಂಬತ್ತರ ದಶಕ ಪೂರ್ತಿ ಗಣಿಯ ಸೈರನ್ ಕೇಳುತ್ತಾ ಕಳೆಯಿತು. ಅತ್ತೆ ಮತ್ತೆ ಎಂದೂ ಹೊಳೆಯನ್ನು ಆಕಿ ಎನ್ನಲಿಲ್ಲ, ನೀರು ಎಂದಳು. ಅದೆಲ್ಲ ಬೇರೆ ಕತೆ. ನಾನು ಹೇಳಬೇಕಾದದ್ದು ಹೊಳೆ ಇಳಿದ ದಿನದ್ದು.

ಕೂಸು ಹುಟ್ಟಿದ್ದನ್ನು ಆ ದಂಡೆಗೆ ತಿಳಿಸಲು ಗಂಗಾಳ ಇತ್ತು. ಹೋದದ್ದನ್ನು ತಿಳಿಸಲು ಏನೂ ಇರಲಿಲ್ಲ, ಕೇಳಲು ಅಲ್ಲಿ ಯಾರೂ ಇರಲಿಲ್ಲ. ನೀರು ಒಂದು ದಿನ ಬಂದ ಹಾಗೆಯೇ ಸರಸರ ಇಳಿಯಿತು. ಮೇಲೆ ಬಾಗಿಲು ಇಳಿಸಿದ್ದರು. ಮರುದಿನ ಮುಂಜಾನೆ ಆ ದಂಡೆಯಿಂದ ಯಾರೋ ಕೂಗುವುದು ಕೇಳಿ ಕಾಕಾ ಹರಿಗೋಲು ಬಿಟ್ಟ. ನಾನು, ಅತ್ತೆ ದಿನ್ನೆ ಇಳಿದು ಕೆಸರಿನಲ್ಲಿ ನಿಂತೆವು.

ಹರಿಗೋಲು ತಿರುಗುತ್ತಾ ಬಂತು. ಕಾಕಾ ಅವರಿಗೆ ಏನೂ ಹೇಳಿರಲಿಲ್ಲ. "ಬಾಯಿ ತನಕ ಬಂದಿತ್ತವ್ವ, ಅದನ್ನ ನೋಡಿದ ಮ್ಯಾಲ ಹೊಳ್ಳಿ ಹೊಟ್ಟಿಗೆ ಹೋತು" ಎಂದು ಆಮೇಲೆ ಹೇಳಿದ. ಅದು ಎಂದರೆ ತೊಟ್ಟಿಲು. ಹೊಸದು, ಕೆಂಪು ಹಸಿರು ಬಣ್ಣ ಹಚ್ಚಿದ್ದು, ಸಿಂಧನೂರಿನಿಂದ ಮಸ್ಕಿಗೆ, ಮಸ್ಕಿಯಿಂದ ಲಿಂಗಸುಗೂರಿಗೆ ಬಸ್ಸಿನ ಮೇಲೆ ಹಾಕಿಸಿಕೊಂಡು ತಂದದ್ದು. ನಮ್ಮ ಮನೆಯವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದರು. ಅವ್ವ ನನ್ನನ್ನು ಕಂಡದ್ದೇ ಅರ್ಧ ಹೊಳೆಯಿಂದಲೇ ಕೂಗತೊಡಗಿದಳು. ಈಗ ಪ್ರತಿ ಮಾತೂ ಕೇಳಿಸುತ್ತಿತ್ತು.

"ಹೆಣ್ಣೋ ಗಂಡೋ ಹೇಳೇ! ದಾರಿ ತುಂಬ ಅಳಿಯಂದ್ರ ಕೂಡ ಅದ ಜಗಳ ನಂದು!"

ನಾನು ಖಾಲಿ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡೆ.

"ಕೂಸಿನ್ನ ಒಳಗ ಮಲಗ್ಸಿಯೇನು? ಚಲೋ ಮಾಡಿದಿ. ಈ ಗಾಳ್ಯಾಗ ಹಸಿ ಕೂಸು ತರಬಾರ್ದು" ಎಂದಳು ಅವ್ವ.

ಹರಿಗೋಲು ದಂಡೆ ಮುಟ್ಟುವ ಮೊದಲೇ ಅತ್ತೆ ನೀರಿಗಿಳಿದಳು. ಸೊಂಟದ ಮಟ ನೀರಿನಲ್ಲಿ ನಿಂತು ಹರಿಗೋಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದಳು.

"ಬೀಗತಿ, ತೊಟ್ಟಿಲಾ ಇಳಸಬ್ಯಾಡ" ಎಂದಳು.

ಅವ್ವ ಯಾಕೆಂದು ಕೇಳಿದಳು. ಅವಳು ಇನ್ನೂ ನಗುತ್ತಲೇ ಇದ್ದಳು.